ತಿರುಮಲೇಶ್ ಸರ್ ಕಾದ ರಾಗ

ಶುಕ್ರವಾರ, ೧೪ ನವೆಂಬರ್

ಆ ಒಂದು ಆಪ್ಷನ್ ತಲೆಯಿಂದ ಹೋಗುತ್ತಲೇ ಇಲ್ಲ.

ನಿವೃತ್ತರಾದ ತಿರುಮಲೇಶ್ ಸರ್ ಇಂದು ಮುಂಬೈ ವಿಕ್ರೋಳಿಯ ನಮ್ಮ ಲ್ಯಾಬಿಗೆ ಬಂದಿದ್ದರು. ಅವರ ಹಳೆಯ ಯಂತ್ರ ಗುಜರಿಗೆ ಹೋಯಿತು. ಅದಕ್ಕೆ ಅವರು ಬರೆದಿದ್ದ ಪ್ರೋಗ್ರಾಮನ್ನು ಈಗ ಅಂಗೈಯಗಲದ ಬೋರ್ಡಿನಲ್ಲಿ, ಆ ಯಂತ್ರವನ್ನೇ ಅನುಕರಿಸುವ ಎಮ್ಯುಲೇಟರ್ ಹಾಕಿ ನಾನು ಓಡಿಸುತ್ತಿದ್ದೇನೆ. ಪರದೆಯ ಮೇಲೆ ಎಲ್ಲವೂ ಥೇಟ್ ಹಾಗೆಯೇ ಬಂತು. ಸರ್ ಮಾತ್ರ ಬೋರ್ಡಿನತ್ತ ಕಿವಿಗೊಟ್ಟು ಕಾಯುತ್ತಲೇ ಇದ್ದರು.

"ಶುರುವಾಗುವಾಗ ಒಂದು ರಾಗ ಬರ್ತಿತ್ತಲ್ಲಮ್ಮ, ನಾನೇ ಹಾಕಿದ್ದು?"

"ಮೆಮೊರಿ ಸಾಲಲ್ಲ ಸರ್, ಬಿಲ್ಡ್ ಮಾಡುವಾಗ ಸೌಂಡ್ ಆಫ್ ಮಾಡಿದೆ." ಬಾಯಿಗೆ ಬಂದ ಕಾರಣ ಹೇಳಿಬಿಟ್ಟೆ.

"ಹೋಗ್ಲಿ ಬಿಡು. ಕೆಲಸ ನಡೀತಲ್ಲ."

ಅವರು ಹೊರಟ ಮೇಲೆ ನೋಡಿದರೆ ಮೆಮೊರಿ ಬೇಕಾದಷ್ಟಿದೆ. ಹಿಂದಿನ ಪ್ರಾಜೆಕ್ಟಿನ ಸೆಟ್ಟಿಂಗುಗಳಿದ್ದ ಕಾನ್ಫಿಗ್ ಫೈಲನ್ನು ಕಣ್ಣುಮುಚ್ಚಿ ಕಾಪಿ ಮಾಡಿದ್ದೆ. ಸೌಂಡ್ ಆಪ್ಷನ್ ಅದರಲ್ಲೇ ಆಫ್ ಆಗಿತ್ತು. ಆನ್ ಮಾಡಿ, ಮತ್ತೆ ಬಿಲ್ಡ್ ಮಾಡಿ, ಬೋರ್ಡಿನ ಸ್ವಿಚ್ ಒತ್ತಿದೆ. ಬಂತು. ಎಷ್ಟು ಪುಟ್ಟ ರಾಗ! ಖಾಲಿ ಲ್ಯಾಬಿನಲ್ಲಿ ನಾನೊಬ್ಬಳೇ ಕೇಳಿದೆ.

ಫೋನ್ ಮಾಡಿದಾಗ ಸರ್ ದಾದರ್ ಸ್ಟೇಷನ್ನಿನಲ್ಲಿ ಮೈಸೂರಿನ ಗಾಡಿಗೆ ಕಾಯುತ್ತಿದ್ದರು. ಸುತ್ತ ಒಂದೇ ಗದ್ದಲ. "ಸರ್, ರಾಗ ಬಂತು, ಕೇಳಿ" ಎಂದು ಫೋನನ್ನು ಬೋರ್ಡಿನ ಹತ್ತಿರ ಹಿಡಿದೆ.

"ಹ್ಞಾ, ಕೇಳಿಸ್ತು ಕಣಮ್ಮ. ಅದೇ ರಾಗ!"

ನಾನಿನ್ನೂ ಬೋರ್ಡಿನ ಸ್ವಿಚ್ ಒತ್ತಿರಲಿಲ್ಲ.