ಕಲ್ಲು ಬೇಡವಾದ ದೋಣಿ

ಜೂನ್ 15, ಭಾನುವಾರ

ಇವತ್ತೂ ಮೂರು ತಾಟು. ನನಗೊಂದು, ಅವ್ವನಿಗೊಂದು, ತಮ್ಮ ಸಂಗ್ಯಾನಿಗೊಂದು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನ ತಾಟು ಮಧ್ಯಾಹ್ನದವರೆಗೆ ಹಾಗೇ ಇರುತ್ತದೆ. ಆಮೇಲೆ ಒಣಗಿದ ರೊಟ್ಟಿಯನ್ನು ಅವ್ವನೇ ತಿನ್ನುತ್ತಾಳೆ. ಆರು ತಿಂಗಳಿಂದ ಇದೇ. ಹೇಳಿ ಹೇಳಿ ನನ್ನ ಬಾಯಿ ಸವೆದಿದೆ.

ಭಾಲ್ಕಿಯಿಂದ ಸೋದರಮಾವನ ಫೋನ್. "ನಿಮ್ಮವ್ವ ಚನ್ನಮ್ಮಗ ತಿಳಿಸಿ ಹೇಳವಾ ಅನುರಾಧಾ. ಅಯ್ಯನವರಿಗೆ ಕರೆಸಿ ಕ್ರಿಯಾ ಮುಗಸ್ರಿ. ಹಿಂಗ ಇಟ್ಕೊಂಡು ಕೂಡಬಾರದು."

ಫೋನನ್ನು ಅವ್ವನ ಕೈಗೆ ಕೊಟ್ಟೆ. "ಹೆಣ ಎಲ್ಲದ ತೋರಿಸು, ಮಾಡ್ತೀನಿ" ಅಂದವಳೇ ಇಟ್ಟುಬಿಟ್ಟಳು.

ಅದೂ ನಿಜವೇ. ಹೆಣ ಸಿಕ್ಕಿಲ್ಲ. ಡಿಸೆಂಬರ್‌ನಲ್ಲಿ ಹೋದ. ಐಲ್ಯಾಂಡ್ ಟೂರ್ ಅಂತೆ — ಸಮುದ್ರವೇ ಇಲ್ಲದ ಕಡೆ. ಊರಿಗೇ ಒಂದು ದಾರಿಯಾದರೆ ನನ್ನ ತಮ್ಮನಿಗೇ ಒಂದು ದಾರಿ. ನಮ್ಮ ಮನೆಗೆ ಹತ್ತಿರದ ಪೈಠಣದ ಡ್ಯಾಮಿನ ಹಿನ್ನೀರಲ್ಲಿ ನಡುಗಡ್ಡೆಗಳಿವೆ. ಬೋಟಿಗೆ ಬೈಕ್ ಹಾಕಿಕೊಂಡು ಹೋಗಿ, ಅಲ್ಲಿ ಓಡಿಸಿ, ಟೆಂಟ್ ಹಾಕಿ, ವೀಡಿಯೊ ಮಾಡಿಕೊಂಡು ಬರುವುದು. ನಾಶಿಕ್ ಹತ್ತಿರ ಓಝರ್‌ನ ವಿಮಾನ ಫ್ಯಾಕ್ಟರಿಯಲ್ಲಿ ಅವನ ಜೊತೆ ಕೆಲಸ ಮಾಡುವ ರೋಷನ್, ಅವನ ಗಾಡಿಯ ಹಿಂದೆ ಕೂತು ಹೋಗಿದ್ದ. ಬೆಳಿಗ್ಗೆ ರೋಷನ್ ಎದ್ದಾಗ ಟೆಂಟಿನ ಜಿಪ್ ತೆಗೆದಿತ್ತು. ಶೂ ಹೊರಗಿತ್ತು. ಸಂಗ್ಯಾ ಇರಲಿಲ್ಲ, ಅವನ ನೀಲಿ ಜರ್ಕಿನ್ನೂ ಇರಲಿಲ್ಲ. ಪೊಲೀಸರು, ಮುಳುಗು ಹಾಕಿ ಹುಡುಕುವವರು, ಬಲೆ... ಏನೂ ಸಿಗಲಿಲ್ಲ.

ಗಾಡಿ ಇನ್ನೂ ಅಲ್ಲೇ ಇದೆ, ಮೀನುಗಾರರ ಗುಡಿಸಲಿನ ಪಕ್ಕ, ತಾಡಪತ್ರಿ ಕೆಳಗೆ. ತರಲು ಅವ್ವ ಬಿಡಲಿಲ್ಲ. "ಅವ ಬರಬೇಕಾದ್ರ ಗಾಡಿ ಬ್ಯಾಡೇನು?"

ಅವನ ಇಷ್ಟಲಿಂಗ ದೇವರ ಜಗಲಿಯ ಮೇಲೆ ಬೆಳ್ಳಿ ಕರಡಿಗೆಯಲ್ಲಿದೆ. ಸ್ಟೈಲ್‌ಗೆ ಅಡ್ಡ ಅಂತ ಕೊರಳಿಗೆ ಕಟ್ಟಿಕೊಳ್ಳದೆ ಹೋಗಿದ್ದ ಮಹಾರಾಯ. ಅವ್ವ ದಿನಾ ತನ್ನದು, ಅವನದು ಎರಡೂ ಲಿಂಗಕ್ಕೆ ಪೂಜೆ ಮಾಡುತ್ತಾಳೆ.

ಜೂನ್ 19

ಶೇಂದ್ರಾದ ನನ್ನ ಫ್ಯಾಕ್ಟರಿಯಲ್ಲಿದ್ದಾಗ ರೋಷನ್ ಫೋನ್. "ಅಕ್ಕಾ, ಇಲ್ಲಿ ನಾಶಿಕ್‌ದಾಗ ಮಳಿ ಜೋರ್ ಹಿಡದದ್ರಿ. ಇಲ್ಲಿ ಡ್ಯಾಮಿನ ನೀರು ಬಿಟ್ರ ನಿಮ್ಮ ಕಡೀಗೇ ಬರ್ತದ. ಆ ನಡುಗಡ್ಡಿ ಮುಳುಗ್ತದ್ರಿ. ಗಾಡಿ..." ಅಲ್ಲಿಗೇ ನಿಲ್ಲಿಸಿದ. ಅವನಿಗೆ ಈಗಲೂ ನನ್ನ ಜೊತೆ ಮಾತು ಮುಗಿಸಲು ಆಗುವುದಿಲ್ಲ.

ಅವ್ವ ಜಗಳಕ್ಕೆ ಬರುತ್ತಾಳೆ ಅಂದುಕೊಂಡು ಸೊಂಟ ಕಟ್ಟಿಕೊಂಡೇ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನೀರು ಬರ್ತದಂದ್ರ ಹೋಗಿ ತಗೊಂಡ್ ಬಾ. ನೀನೇ ಹೋಗು. ಅಕ್ಕ ಕರದ್ರ ಬರ್ತಾನ."

"ಗಾಡಿ ತರ್ಲಿಕ್ಕೆ ಹೊಂಟೀನಿ ಅವ್ವಾ. ಗಾಡಿ."

"ಹ್ಞೂಂ. ಗಾಡಿ."

ಜೂನ್ 22, ಭಾನುವಾರ, ಸಂಜೆ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬಸ್ಸು, ಆಮೇಲೆ ಶೇರ್ ಆಟೊ, ಕೊನೆಗೆ ಬೋಟು ನಿಲ್ಲುವ ಘಾಟ್. ಬೋಟಿನವನು ದೀಪಕ. ಡಿಸೆಂಬರ್‌ನಲ್ಲಿ ಹುಡುಗರನ್ನು ದಾಟಿಸಿದವನೂ ಅವನೇ. ಕೆನ್ನೆಯಲ್ಲಿ ಸದಾ ಗುಟ್ಕಾ, ಬಾಯಿ ತುಂಬ ಮಾತು. (ಅವನದು ಮರಾಠಿ. ನಾನು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ.) ಹೋಗುವಾಗ ಬೋಟು ಖಾಲಿ, ನಡುವೆ ಕೂತೆ. ಸುತ್ತ ನೀರು, ಬಣ್ಣವೇ ಇಲ್ಲದ ನೀರು.

ಗುಡಿಸಲಿನವರು ತಾಡಪತ್ರಿ ತೆಗೆದುಕೊಟ್ಟರು. ಆರು ತಿಂಗಳು ನಿಂತ ಗಾಡಿ. ಬ್ಯಾಟರಿ ಸತ್ತಿರುತ್ತದೆ ಅಂದುಕೊಂಡಿದ್ದೆ. ಮೊದಲ ಕಿಕ್ಕಿಗೇ ಶುರುವಾಯಿತು. ಗುಡಿಸಲಿನವರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಅಳು ಬಂತು, ಈ ಗಾಡಿ ಮೇಲೆ ನನಗೆ ಓಡಿಸಲು ಕಲಿಸಿದವನೇ ಅವನು. ಸೀಟು ಒರೆಸುತ್ತಾ ಬಾಯಿಗೆ ಬಂದದ್ದು ಅಂದೆ: "ನಡಿ ಮನಿಗಿ. ಅವ್ವ ಕಾಯ್ಲಿಕತ್ತಾಳ."

ಗಾಡಿ ಹೇರುವ ಪದ್ಧತಿ ಹೀಗೆ. ಬೋಟಿನ ನಡುವೆ ಎಂಜಿನ್ನು. ಗಾಡಿಯನ್ನು ಹಲಗೆ ಮೇಲೆ ಹತ್ತಿಸಿ ಎಡಪಕ್ಕಕ್ಕೆ ಹಗ್ಗದಿಂದ ಬಿಗಿಯುತ್ತಾರೆ. ಬಲಪಕ್ಕಕ್ಕೆ ಜನ. ಜನ ಕಡಿಮೆ ಬಿದ್ದರೆ ಕಲ್ಲು. ನಾನೊಬ್ಬಳೇ ಬಲಕ್ಕೆ ಕೂತೆ, ಬೋಟು ಎಡಕ್ಕೆ ಚೆನ್ನಾಗೇ ವಾಲಿತ್ತು. "ತಡೀರಿ ಅಕ್ಕಾ, ಕಲ್ಲು ಹಾಕ್ತೀನಿ" ಅಂತ ದೀಪಕ ದಂಡೆಗೆ ಇಳಿದ.

ಅವನು ಕಲ್ಲು ಎತ್ತುತ್ತಿದ್ದಾಗ ನನ್ನ ಪಕ್ಕ ಬೋಟು ಒಮ್ಮೆ ತಗ್ಗಿತು. ಯಾರಾದರೂ ದಂಡೆಯಿಂದ ಕಾಲಿಟ್ಟು ಹತ್ತಿದಾಗ ತಗ್ಗುತ್ತದಲ್ಲ, ಹಾಗೆ. ಆಮೇಲೆ ಅಲುಗಲಿಲ್ಲ. ಸಮವಾಗಿ ನಿಂತಿತು.

ದೀಪಕ ಕಲ್ಲನ್ನು ಎದೆಗೆ ಅವಚಿಕೊಂಡು ನಿಂತಿದ್ದ. ನನ್ನನ್ನು ನೋಡಿದ, ನನ್ನ ಪಕ್ಕದ ಖಾಲಿ ಜಾಗ ನೋಡಿದ. ಕಲ್ಲನ್ನು ಮೆಲ್ಲಗೆ ಕೆಳಗಿಟ್ಟ.

"ಬೇಡ" ಅಂದ. ಆಚೆ ದಂಡೆ ಬರುವವರೆಗೆ ಒಂದು ಮಾತಿಲ್ಲ.

ಅಲೆ ಇರಬಹುದು, ಗಾಳಿ ಇರಬಹುದು. ಆದರೆ ಶೇಂದ್ರಾದಲ್ಲಿ ಹನ್ನೊಂದು ವರ್ಷದಿಂದ ಪಾರ್ಟ್ ಲೆವೆಲ್ ಇದೆಯೋ ಇಲ್ಲವೋ ನೋಡುವುದೇ ನನ್ನ ಹೊಟ್ಟೆಪಾಡು. ಆ ಬೋಟು ಲೆವೆಲ್ ಇತ್ತು.

ಬಿಡಕಿನ್ ದಾಟಿ ಮನೆಗೆ ಬರುವವರೆಗೂ ಗಾಡಿ ಭಾರ. ಹಿಂದೆ ಒಬ್ಬರು ಕೂತರೆ ತಿರುವಿನಲ್ಲಿ ಗಾಡಿ ಹೇಗೆ ಎಳೆಯುತ್ತದೆಂದು ಓಡಿಸುವವರಿಗೆ ಗೊತ್ತು. ಹೊರಡುವಾಗ ಹಿಂದಿನ ಫುಟ್‌ರೆಸ್ಟ್ ನಾನೇ ಮಡಚಿದ್ದೆ. ಮನೆ ಮುಂದೆ ಇಳಿದು ನೋಡಿದರೆ ಎರಡೂ ಬಿಚ್ಚಿದ್ದವು.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಗಾಡಿಗೆ ನೀವಾಳಿಸಿ ನೀರು ಚೆಲ್ಲಿದಳು. ಹಿಂದಿನ ಸೀಟಿನ ಮೇಲೆ ಕೈ ಇಟ್ಟು ನಕ್ಕಳು. ಡಿಸೆಂಬರ್ ಆದ ಮೇಲೆ ಅವಳು ನಕ್ಕದ್ದು ಇವತ್ತೇ.

ಜೂನ್ 29

ಮೆಕ್ಯಾನಿಕ್ ಹಿಂದಿನ ಸ್ಪ್ರಿಂಗ್ ಬದಲಿಸಿದ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದಾಗಲೂ ಮತ್ತೆ ಕುಗ್ಗಿದೆ. "ಮೇಡಂ, ಇದರ ಮೇಲೆ ಏನು ಇಡ್ತೀರಿ?" ಅಂತ ಕೇಳಿದ.

ಅವ್ವ ಖುಷಿಯಾಗಿದ್ದಾಳೆ, ಓಡಾಡುತ್ತಾಳೆ, ಹಾಡು ಗುನುಗುತ್ತಾಳೆ. ಸಂಗ್ಯಾನ ತಾಟಿನ ರೊಟ್ಟಿ ಹಾಗೇ ಇರುತ್ತದೆ. ಈಗ ಅವಳ ತಾಟಿನದೂ ಹಾಗೇ. "ಹೊಟ್ಟಿ ತುಂಬ್ಯಾದ" ಅನ್ನುತ್ತಾಳೆ. ಬಳೆ ಮೊಣಕೈವರೆಗೆ ಜಾರುತ್ತಿದೆ.

ಅವನ ಕೋಣೆಯಿಂದ ಹಿನ್ನೀರಿನ ಪಾಚಿ ವಾಸನೆ. ಫಿನಾಯಿಲ್ ಹಾಕಿ ತೊಳೆದೆ. ಹೋಗಲಿಲ್ಲ.

ಜುಲೈ 9

ಹತ್ತು ದಿನ ಏನೂ ಬರೆಯಲಿಲ್ಲ. ಬರೆದರೆ ನಿಜವಾಗುತ್ತದೆ ಅನ್ನಿಸಿತು.

ಅವ್ವ ಇಳಿದುಹೋಗುತ್ತಿದ್ದಾಳೆ. ಡಾಕ್ಟರು ರಕ್ತ, ಶುಗರ್, ಎದೆ ಎಲ್ಲ ನೋಡಿಸಿದರು. ಎಲ್ಲಾ ನಾರ್ಮಲ್. ಟಾನಿಕ್ ಬರೆದುಕೊಟ್ಟರು. ವಾಪಸು ಬರುವಾಗ ಮೆಟ್ಟಿಲ ಮೇಲೆ ಎಡವಿದಳು, ಎತ್ತಿಕೊಂಡೆ. ಒಣಗಿದ ಬಟ್ಟೆಯ ಗಂಟು ಎತ್ತಿದ ಹಾಗಾಯಿತು.

ಆಮೇಲೆ ಸಂಗ್ಯಾನ ಕೋಣೆಗೆ ಹೋಗಿ ಮಂಚ ನೋಡಿದೆ. ಗಾದಿ ನಡುವೆ ತಗ್ಗಾಗಿದೆ, ಮನುಷ್ಯ ಮಲಗಿದಷ್ಟು ಉದ್ದಕ್ಕೆ. ಹೋದ ವಾರ ಇಷ್ಟು ಆಳ ಇರಲಿಲ್ಲ.

ಅವನಿಗೆ ಭಾರ ಎಲ್ಲಿಂದ ಬರುತ್ತಿದೆ ಅಂತ ಈಗ ಗೊತ್ತಾಯಿತು.

ತಪ್ಪು ನನ್ನದೇ. ಸಾವಾದ ಕಡೆಯಿಂದ ಏಳುವಾಗ "ಬರ್ತೀನಿ" ಅನ್ನಬಾರದು, "ಬಾ" ಅಂತ ಕರೆಯಬಾರದು, ಸುಮ್ಮನೆ ಎದ್ದು ಬರಬೇಕು. ಚಿಕ್ಕಂದಿನಿಂದ ಅವ್ವ ಕಲಿಸಿದ್ದು. ನಾನು "ನಡಿ ಮನಿಗಿ" ಅಂದದ್ದು ಗಾಡಿಗೆ. ಕೇಳಿಸಿಕೊಂಡದ್ದು ಯಾರು?

ಜುಲೈ 11, ಮಧ್ಯಾಹ್ನ

ಹಾಫ್ ಡೇ ಹಾಕಿ ಬಂದೆ. ಅವ್ವ ಅವನ ಮಂಚದ ಮೇಲೆ ಕೂತಿದ್ದಳು. ಅವಳು ಕೂತ ಕಡೆ ಗಾದಿ ಒಂದಿಷ್ಟೂ ತಗ್ಗಿಲ್ಲ. ಪಕ್ಕದಲ್ಲಿ ಆ ತಗ್ಗು. ಅದರ ಮೇಲೆ ಕೈಯಾಡಿಸುತ್ತಿದ್ದಳು, ಜ್ವರ ಬಂದ ಮಗುವಿನ ತಲೆ ಸವರುವ ಹಾಗೆ.

"ಅವ್ವಾ, ನೀ ಕರಗ್ಲಿಕತ್ತಿ."

"ಗೊತ್ತದ."

"ಗೊತ್ತಿದ್ದೂ ಸುಮ್ನ ಕುಂತೀಯಲ್ಲ."

"ಒಂಬತ್ತ್ ತಿಂಗಳ ನನ್ನ ಮೈಯಿಂದೇ ಕೊಟ್ಟು ಬೆಳೆಸೀನಿ ಇವಗ. ಆವಾಗ ಯಾರೂ ಯಾಕಂತ ಕೇಳ್ಲಿಲ್ಲ. ಈಗ್ಯಾಕ ಕೇಳ್ತಿ?"

"ನಾನೂ ನಿನ್ನ ಹೊಟ್ಟ್ಯಾಗೇ ಇದ್ದೆ ಅವ್ವಾ. ನೀ ಹೋದ್ರ ನನಗ್ಯಾರ್ ಅದಾರ?"

ನನ್ನ ಕಡೆ ನೋಡಿದಳು. ಪ್ರೀತಿಯಿಂದಲೇ.

"ನೀ ಇದ್ದೀಯಲ್ಲ" ಅಂದಳು. "ಇದ್ದವರಿಗಿ ಏನ್ ಕೊಡೂದು."

ಅಡಿಗೆಮನೆಗೆ ಬಂದು ನಲ್ಲಿ ಬಿಟ್ಟು ಅತ್ತೆ. ಸಿಟ್ಟೂ ಬಂತು. ಸಿಟ್ಟೇ ಹೆಚ್ಚು. ಸತ್ತವನ ಮೇಲೆ ಇಷ್ಟು ಸಿಟ್ಟು ಬರಬಾರದು.

ನಾಳೆ ಗಾಡಿ ವಾಪಸು.

ಜುಲೈ 12, ಶನಿವಾರ

ಅವ್ವ ಪೂಜೆಗೆ ಕೂತಾಗ ಗಾಡಿ ಹೊರಗೆ ತೆಗೆದೆ. ದಾರಿಯುದ್ದಕ್ಕೂ ಬೆನ್ನಿಗೆ ತಂಪು. ಬಿಡಕಿನ್ ಹತ್ತಿರ ಬ್ರೇಕ್ ಹಾಕಿದಾಗ ಆ ತಂಪು ಮುಂದೆ ಒತ್ತಿ ಬಂತು. ತಿರುಗಿ ನೋಡಲಿಲ್ಲ. "ಸರಿ ಕೂಡೋ, ಕತ್ತೆ" ಅಂದುಬಿಟ್ಟೆ, ಅವನಿದ್ದಾಗ ಅನ್ನುತ್ತಿದ್ದ ಹಾಗೆ. ಆಮೇಲೆ ನಾಲಿಗೆ ಕಚ್ಚಿಕೊಂಡೆ.

ದೀಪಕ ಮೊದಲು ಒಲ್ಲೆ ಅಂದ. "ನಡುಗಡ್ಡೆ ಅರ್ಧ ಮುಳುಗಿದೆ ಅಕ್ಕಾ, ಗುಡಿಸಲಿನವರೂ ಎದ್ದು ಬಂದಿದ್ದಾರೆ." ಆಮೇಲೆ ಗಾಡಿ ನೋಡಿದ, ನನ್ನ ಮುಖ ನೋಡಿದ, ಹಲಗೆ ಹಾಕಿದ. ಗಾಡಿ ಎಡಕ್ಕೆ, ನಾನು ಬಲಕ್ಕೆ. ಕಲ್ಲಿನ ಮಾತು ಇಬ್ಬರೂ ಎತ್ತಲಿಲ್ಲ. ಬೋಟು ಸಮವಾಗೇ ಹೋಯಿತು.

ಎತ್ತರದ ದಿಬ್ಬದಲ್ಲಿ ಜಾಲಿ ಗಿಡಕ್ಕೆ ಗಾಡಿ ಒರಗಿಸಿದೆ. ಕೀ ಅದರಲ್ಲೇ ಬಿಟ್ಟೆ. ಹೇಳುವುದು ಬಹಳ ಇತ್ತು. ಅವ್ವನನ್ನು ಬಿಡು ಅನ್ನಬೇಕಿತ್ತು. ಜಗಳ ಆಡಿದ್ದಕ್ಕೆಲ್ಲ ತಪ್ಪಾಯಿತು ಅನ್ನಬೇಕಿತ್ತು. ಒಂದೂ ಅನ್ನಲಿಲ್ಲ. "ಬರ್ತೀನಿ" ಬಾಯಿ ತುದಿಗೆ ಬಂತು, ಮನೆ ಬಿಡುವಾಗೆಲ್ಲ ಅಂದು ರೂಢಿ. ತುಟಿ ಕಚ್ಚಿ ನಡೆದೆ.

ಬರುವಾಗ ಬೇಕೆಂದೇ ಬಲಪಕ್ಕಕ್ಕೆ ಕೂತೆ. ಬೋಟು ಬಲಕ್ಕೆ ವಾಲಿತು. ವಾಲಬೇಕಾದಷ್ಟೇ. ದೀಪಕ ಜೋರಾಗಿ ಉಸಿರು ಬಿಟ್ಟು ನೀರಿಗೆ ಗುಟ್ಕಾ ಉಗುಳಿದ, ಮತ್ತೆ ಮಾತು ಶುರು ಮಾಡಿದ. ವಾಲಿದ ಬೋಟು ನೋಡಿ ನನಗೆ ಇಷ್ಟು ಸಮಾಧಾನ ಆಗುತ್ತದೆಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಜುಲೈ 13

ಗಾಡಿ ಎಲ್ಲಿ ಅಂತ ಅವ್ವ ಕೇಳಲೇ ಇಲ್ಲ. ಎರಡೇ ತಾಟು ಹಾಕಿದಳು. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿ ತಿಂದಳು. ನಾನು ಅವಳ ಬಾಯಿಯನ್ನೇ ನೋಡುತ್ತಾ ಕೂತೆ.

ಗಾದಿ ಮೇಲೆದ್ದಿದೆ. ಪಾಚಿ ವಾಸನೆ ಇಲ್ಲ.

ಜುಲೈ 16

ಸಂಜೆ ಅವ್ವ ನನ್ನನ್ನು ಎದುರಿಗೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಶಾಲೆ ಬಿಟ್ಟ ಮೇಲೆ ಇದೇ ಮೊದಲು. ಕೈಗೆ ಇನ್ನೂ ಬಲವಿಲ್ಲ, ಆದರೂ ಹಿತವಾಗಿತ್ತು. ಬಂಗಾರದ ಬಳೆ ಕಳಚಿ ನನ್ನ ಕೈಗೆ ಹಾಕಿದಳು.

"ನನಗ ದೊಡ್ಡವಾಗ್ಯಾವ. ನೀ ಹಾಕ್ಕೊ. ಅವ್ವ ಏನೂ ಕೊಡ್ಲಿಲ್ಲ ಅನಬ್ಯಾಡ."

"ಮೈ ತುಂಬಿದ ಮ್ಯಾಲ ವಾಪಸ್ ಕೊಡ್ತೀನಿ" ಅಂದೆ.

"ಆಯ್ತೇಳು" ಅಂತ ನಕ್ಕಳು.

ಬಹಳ ದಿನದ ಮೇಲೆ ನಿದ್ದೆ ಬರುವ ಹಾಗಿದೆ.

ಜುಲೈ 17, ಬೆಳಿಗ್ಗೆ 7

ಅವ್ವ ಮನೆಯಲ್ಲಿಲ್ಲ. ಚಪ್ಪಲಿ ಇಲ್ಲ. ಜಗಲಿ ಮೇಲೆ ಸಂಗ್ಯಾನ ಕರಡಿಗೆ ಇಲ್ಲ. ಅವಳದು ಇದೆ. ಕಳಚಿ ಇಟ್ಟು ಹೋಗಿದ್ದಾಳೆ. ನನಗೆ ಬುದ್ಧಿ ತಿಳಿದಾಗಿನಿಂದ ಅವಳು ಅದನ್ನು ಮೈಯಿಂದ ಕಳಚಿಟ್ಟವಳಲ್ಲ.

ಅಡಿಗೆಮನೆಯಲ್ಲಿ ಬಿಸಿ ರೊಟ್ಟಿ ಮುಚ್ಚಿಟ್ಟಿದ್ದಾಳೆ. ತಾಟು ಎರಡು.

ಅದೇ ದಿನ, ಘಾಟ್‌ನ ಚಹಾ ಅಂಗಡಿ

ದೀಪಕ ಫೋನ್ ಎತ್ತುತ್ತಿಲ್ಲ. ಅಂಗಡಿಯವಳು ಹೇಳಿದಳು: ಹಸಿರು ಸೀರೆಯ ಮುದುಕಿ ಮೊದಲ ಬಸ್ಸಿಗೆ ಬಂದಿದ್ದಳಂತೆ. "ಮಗ ಅಲ್ಲಿ ಸಿಕ್ಕಿಬಿದ್ದಿದ್ದಾನೆ, ಕರೆದುಕೊಂಡು ಬರಬೇಕು" ಅಂದಳಂತೆ. ದೀಪಕ ಆಗೋದಿಲ್ಲ ಅಂದ. ಅವಳು ಬೋಟಿನಲ್ಲಿ ಹೋಗಿ ಕೂತುಬಿಟ್ಟಳು. "ಎತ್ತಿ ಇಳಿಸಬಹುದಿತ್ತು, ಅಷ್ಟು ಹಗುರ ಇದ್ದಳು" ಅಂದಳು ಅಂಗಡಿಯವಳು. "ಆದರೆ ಆಕೆಯನ್ನು ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ."

ಬೇರೆ ಬೋಟು ಇಲ್ಲ. ನೀರು ಏರಿದೆ ಅಂತ ಯಾರೂ ಇಳಿಸುತ್ತಿಲ್ಲ. ಕೈ ಸುಮ್ಮನಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವ್ವ ಬಂದರೆ ಬೈಯುವುದಿಲ್ಲ. ಮೂರು ತಾಟು ಹಾಕಲಿ, ನಾಲ್ಕು ಹಾಕಲಿ.

ಎಂಜಿನ್ ಸದ್ದು.

ಕಾಣುತ್ತಿದೆ. ದೀಪಕ ಹಿಂದೆ ನಿಂತಿದ್ದಾನೆ. ಎಡಕ್ಕೆ ಗಾಡಿ. ಬಲಕ್ಕೆ ಒಬ್ಬರು ಕೂತಿದ್ದಾರೆ. ಅವ್ವನೇ ಇರಬೇಕು. ಅವ್ವನೇ ಇರಲಿ.

ಬೋಟು ಲೆವೆಲ್ ಇದೆ. ಕಲ್ಲು ಹಾಕಿಲ್ಲ.

ಹಸಿರು ಕಾಣುತ್ತಿಲ್ಲ. ನೀಲಿ. ಜರ್ಕಿನ್. ಕೊರಳಲ್ಲಿ ಏನೋ ಬೆಳ್ಳಿಯದು ಹೊಳೆಯುತ್ತಿದೆ.

ಎರಡು ಬೆರಳು ಎತ್ತಿದ — ಎದುರಿಗೆ ಇನ್ನೊಬ್ಬ ಗಾಡಿಯವ ಸಿಕ್ಕಾಗ ಎತ್ತುತ್ತಿದ್ದನಲ್ಲ, ಹಾಗೆ. ನಗುತ್ತಿದ್ದಾನೆ. ಅವ್ವನ ನಗು. ಪಕ್ಕದಲ್ಲಿ ಯಾರೂ ಇಲ್ಲ. ಬೋಟಿನಲ್ಲಿ ಬೇರೆ ಯಾರೂ ಇಲ್ಲ.

ದಂಡೆಗೆ ಬಂತು. ಇಳಿಯದೆ ನಿಂತಿದ್ದಾನೆ, ನನ್ನನ್ನೇ ನೋಡುತ್ತಿದ್ದಾನೆ. ನಾನು ಬಾ ಅನ್ನಲಿ ಅಂತ. ಅನ್ನದಿದ್ದರೆ ಅವ್ವ ಕೊಟ್ಟದ್ದೆಲ್ಲ ನೀರುಪಾಲು, ಬಾ ಅಂದರೆ ಇನ್ನು ಮೇಲೆ ಅವನಿಗೆ ಕೊಡಬೇಕಾದವಳು