ಹಗ್ಗದೊಳಗಿನ ಜಾಗ

ಅಮ್ಮಾ,

ನೀನು ಹೋದ ಮೇಲೂ ನಿನ್ನ ದೆಸೆಯಿಂದ ಮನಸ್ಸಿನ ಡಾಕ್ಟರುಗಳ ಹತ್ತಿರ ಅಲೆಯುತ್ತಿದ್ದೇನೆ. ಈ ಸಲದವರು ಮಾತ್ರೆ ಬರೆಯದೆ, ಕುದುರೆ ಲಾಯಕ್ಕೆ ಬರಹೇಳಿದರು. ನಗಬೇಡ. ಹತ್ತಿ ಸವಾರಿ ಮಾಡುವುದೇನಿಲ್ಲ. ಕುದುರೆಯ ಜೊತೆ ನೆಲದ ಮೇಲೆ ನಿಲ್ಲುವುದೇ ಚಿಕಿತ್ಸೆಯಂತೆ.

ಬೇಲಿಯೊಳಗೆ ಒಂದು ಕಂದು ಕುದುರೆಯನ್ನು ಬಿಟ್ಟಿದ್ದರು. ಡಾಕ್ಟರಮ್ಮ ನನ್ನ ಕೈಗೆ ಹಗ್ಗ ಕೊಟ್ಟು, "ಇದನ್ನ ನಿಮ್ಮ ಸುತ್ತ ನೆಲದ ಮೇಲೆ ಹಾಸ್ಕೊಳ್ಳಿ. ಒಳಗಿರೋದು ನಿಮ್ಮ ಜಾಗ. ನೀವು ಕರೀದೇನೆ ಅದು ಬರಬಾರದು" ಎಂದರು. ಅಷ್ಟುದ್ದದ ಹಗ್ಗದಲ್ಲಿ ನಾನು ಮಾಡಿಕೊಂಡದ್ದು ಎರಡು ಪಾದ ಹಿಡಿಸುವಷ್ಟು ಜಾಗ. ಉಳಿದದ್ದನ್ನು ಸುತ್ತಿ ಪಕ್ಕಕ್ಕಿಟ್ಟೆ. ಕುದುರೆ ಮೂಗು ಚಾಚಿ ಬಂದದ್ದೇ ತಡ, "ಸಾರಿ" ಎಂದು ಹೊರಗೆ ಸರಿದು ಅದಕ್ಕೇ ಬಿಟ್ಟುಕೊಟ್ಟೆ!

"ಸಾರಿ ಯಾರಿಗೆ ಹೇಳಿದ್ರಿ?" ಎಂದು ಕೇಳಿದರು.

ನನ್ನ ಕೋಣೆಯ ಚಿಲಕವನ್ನು ನೀನು ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿದ ದಿನ ನೆನಪಾಯಿತು. "ಹೆತ್ತ ತಾಯಿಗೇ ಬಾಗಿಲು ಹಾಕ್ತೀಯೇನೇ?" ಎಂದು ಕೇಳಿದ್ದೆ ನೀನು. ಅಂದಿನಿಂದ ನಾನು ಬಟ್ಟೆ ಬದಲಿಸಿದ್ದೆಲ್ಲ ಬಾಗಿಲಿಗೆ ಬೆನ್ನು ಒತ್ತಿಕೊಂಡೇ.

ಎರಡನೇ ಸಲ ಹಗ್ಗವನ್ನು ಪೂರ್ತಿ ಬಿಚ್ಚಿ ಹಾಸಿದೆ. ಕುದುರೆ ಮತ್ತೆ ಬಂತು. ಅಂಗೈ ಎತ್ತಿ "ನಿಲ್ಲು" ಎಂದೆ. ಅಷ್ಟು ದೊಡ್ಡ ಪ್ರಾಣಿ ಒಂದೇ ಮಾತಿಗೆ ನಿಂತುಬಿಟ್ಟಿತು. ಕೋಪವನ್ನೂ ಮಾಡಿಕೊಳ್ಳಲಿಲ್ಲ, ಅಮ್ಮಾ.

ಬರುವಾಗ ಒಂದು ಚಿಲಕ ತಂದು, ಬಾಗಿಲಿನ ಹಳೆಯ ತೂತುಗಳಲ್ಲೇ ಕೂರಿಸಿದೆ. ಒಳಗಿನಿಂದ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬಾಗಿಲು ತಳ್ಳುವವರು ಈಗ ಯಾರೂ ಇಲ್ಲ.