ಕುಂಕುಮ ಹಚ್ಚಿದ ಕ್ಲಿಪ್ಪು

ಅಕ್ಟೋಬರ್ ೪, ಶನಿವಾರ. ಮಾಸನ್ ಲೇಕ್ಸ್.

ರಿವಾಲ್ವರಿಗೆ ಗುಂಡು ತುಂಬಲು ಸ್ಪೀಡ್‌ಲೋಡರೋ ಮೂನ್ ಕ್ಲಿಪ್ಪೋ ಎಂಬ ಹಾಳು ಚರ್ಚೆ ಇವತ್ತು ಶೂಟಿಂಗ್ ಕ್ಲಬ್ಬಿನಲ್ಲೇ ಮುಗಿದುಹೋಯಿತು. ಸ್ಪೀಡ್‌ಲೋಡರ್ ಹಿಡಿದರೆ ಆರೂ ಗುಂಡುಗಳನ್ನು ರಿವಾಲ್ವರಿನ ಆರು ತೂತುಗಳಿಗೆ ಸರಿಯಾಗಿ ಕೂರಿಸಬೇಕು. ಬಲಗೈ ನಡುಗಿ ಎಲ್ಲವೂ ನೆಲಕ್ಕೆ ಚೆಲ್ಲಿದವು. ಮೂನ್ ಕ್ಲಿಪ್ ಸುಲಭ ಅಂದಿದ್ದರು ಕ್ಲಬ್ಬಿನವರು. ಆರೂ ಗುಂಡುಗಳನ್ನು ಕಚ್ಚಿಕೊಂಡ ತೆಳು ತಗಡು, ಹಾಗೇ ಒಳಗೆ ಬಿಟ್ಟರಾಯಿತು. ಅದೂ ಮೂರು ಸಲ ಕೈಜಾರಿತು.

ಮನೆಗೆ ಬಂದು ಕ್ಲಿಪ್ ಕೂರಲಿಲ್ಲ ಎಂದೊಡನೆ ಸೌಜನ್ಯ ನನ್ನ ಮುಖ ನೋಡಿ ಕೇಳಿದಳು: "ಆಯುಧಪೂಜೆ ದಿನ ಕ್ಲಿಪ್ಪಿಗೆ ಕುಂಕುಮ ಒತ್ತಿದ್ನಲ್ಲ, ಬಗ್ಗಿಹೋಗಿತ್ತೇನ್ರೀ? ನನ್ನಿಂದಾನೇ ಹಾಳಾಯ್ತಾ?"

ಹೌದು ಎಂದುಬಿಟ್ಟೆ.

ಪಾಪ, ಹೊಸದು ತರಿಸಲು ಫೋನಿನಲ್ಲಿ ಹುಡುಕುತ್ತಾ ಕೂತಿದ್ದಾಳೆ. ಈ ಪುಟದ ಸೊಟ್ಟ ಅಕ್ಷರ ನೋಡಿದ್ದರೆ ಸಾಕಿತ್ತು, ತಪ್ಪು ಕ್ಲಿಪ್ಪಿನದಲ್ಲ, ಈ ಕೈಯದು ಎಂದು ಅವಳಿಗೆ ಗೊತ್ತಾಗುತ್ತಿತ್ತು.